ಅಂಬಿಗ ಕೇತ ಮತ್ತು ಮೂವರು ಕೇತಯ್ಯರು

"ಹೇಮಾವರದ ಅರಸುಮಗಳು ಮಾಳಲೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನು ಅವಳ ಕೈ ಹಿಡಿದು ಸಿಂಹಾಸನದಲ್ಲಿ ಜೊತೆಗೆ ಕೂರಬಹುದು. ಒಂದು ತಪ್ಪಿದರೂ ತಲೆ ಹೋಗುತ್ತದೆ." ಸೀಮೆಯ ಊರೂರಲ್ಲಿ ಹೀಗೆಂದು ಡಂಗುರ ಸಾರಿದರು.

ತಂದೆ ತೀರಿಕೊಂಡ ಮೇಲೆ ಮಾಳಲೆಯನ್ನು ಕೇಳಿಕೊಂಡು ಬಂದ ವರಗಳಿಗೆ ಲೆಕ್ಕವಿರಲಿಲ್ಲ. ಎಲ್ಲರೂ ಮನೆತನದ ಹೆಸರು, ಅಜ್ಜನ ಬಿರುದು ಹೇಳಿಕೊಳ್ಳುವವರೇ. ನೀನೇನು ಮಾಡಿದ್ದೀಯ ಎಂದು ಕೇಳಿದರೆ ಮತ್ತೆ ಅಜ್ಜನ ಕತೆಯನ್ನೇ ತೆಗೆಯುತ್ತಿದ್ದರು. ರೋಸಿಹೋಗಿ ಅವಳು ತಲೆದಂಡದ ಮಾತನ್ನು ಸೇರಿಸಿದಳು. ಹೆದರಿ ಯಾರೂ ಬರಲಾರರು ಎಂದುಕೊಂಡಿದ್ದಳು. ಆದರೂ ಬಂದರು. ಅದನ್ನು ಕೈಬಿಡಲು ಅವಳು ಹೊರಟಾಗ, ಸಾರಿದ ಮಾತನ್ನು ಹಿಂದೆಗೆದರೆ ಇನ್ನು ನಮ್ಮ ಮಾತನ್ನು ಯಾರೂ ನಂಬುವುದಿಲ್ಲ ಎಂದು ಮಂತ್ರಿ ಅಡ್ಡ ನಿಂತ.

ಪಟ್ಟಣ ಸೇರಬೇಕಾದರೆ ಮಳಲಿ ಹೊಳೆ ದಾಟಬೇಕಿತ್ತು. ಅಲ್ಲಿ ಹರಿಗೋಲು ಹಾಕುತ್ತಿದ್ದವನು ಕೇತ, ಇಪ್ಪತ್ತೆರಡರ ಪ್ರಾಯದ ಅಂಬಿಗ. ಅವನ ಹೆಸರು ಕೇಳಿದವರು ಸುಮ್ಮನಿರುತ್ತಿರಲಿಲ್ಲ. ಮೂಡಲ ಕಡೆಯವರಾದರೆ ನಮ್ಮ ವೈದ್ಯ ಕೇತಯ್ಯನ ಹೆಸರು ಅನ್ನುವರು. ಬಯಲು ಕಡೆಯವರು ಹಿರೇಕೆರೆ ಕಟ್ಟಿದ ಕೇತಯ್ಯನನ್ನು ನೆನೆಯುವರು. ಗುಡ್ಡದ ಕಡೆಯವರು ಸಾವಿನ ಮನೆಗಳಲ್ಲಿ ಹಾಡಿ ಸಂತೈಸುತ್ತಿದ್ದ ಹಾಡುಗಾರ ಕೇತಯ್ಯನ ಪದವೊಂದನ್ನು ಗುನುಗುವರು. ಆ ಮೂವರೂ ತೀರಿಹೋಗಿ ಬಹಳ ಕಾಲವಾಗಿತ್ತು. ಕೇತ ಹುಟ್ಟು ಹಾಕುತ್ತ ಎಲ್ಲರ ಕತೆಯನ್ನೂ ಕೇಳುತ್ತಿದ್ದ.

ಮೊದಲು ಹೊಳೆ ದಾಟಿದವನು ಪಾಳೆಯಗಾರನ ಮಗ ರಾಚಮಲ್ಲ. ಸಂಜೆಗೆ ಅವನ ಕುದುರೆ ಮಾತ್ರ ವಾಪಸು ಬಂತು. ಅದನ್ನು ಹಿಡಿದುಕೊಂಡು ಬಂದ ಆಳು ನಡೆದದ್ದನ್ನು ಹೇಳಿದ. ಮಾಳಲೆ ಕೇಳಿದ್ದು ಇಷ್ಟು: ಒಂದು ಊರಿನವರು ಹತ್ತು ರಾತ್ರಿ ಕಣ್ಣು ಮುಚ್ಚಲಿಲ್ಲ. ಒಬ್ಬ ಬಂದ. ಹನ್ನೊಂದನೆಯ ರಾತ್ರಿ ಊರೆಲ್ಲ ನಿದ್ದೆಹೋಯಿತು, ಬಂದವನು ಮಾತ್ರ ಮತ್ತೆ ಏಳಲಿಲ್ಲ. ಅವನು ಯಾರು? ಹಗೆಗಳನ್ನು ಓಡಿಸಿ ಮಡಿದ ದಂಡನಾಯಕ ಎಂದು ರಾಚಮಲ್ಲ ಹೇಳಿದನಂತೆ.

ಎರಡನೆಯವನು ಓದಿಕೊಂಡವನು, ಸೋವಿದೇವ. ಹರಿಗೋಲಿನಲ್ಲಿ ಕೂತು ಕೇತನ ತಾಯಿಯ ಕಾಲುನೋವನ್ನು ವಿಚಾರಿಸಿದ್ದ. ಅವನೂ ತಿರುಗಿ ಬರಲಿಲ್ಲ. ಅವನ ಸೇವಕ ಒಡೆಯನ ಶಾಲನ್ನು ಎದೆಗವಚಿಕೊಂಡು ಅಳುತ್ತ ಹೇಳಿದ: ಮೊದಲ ಒಗಟಿಗೆ ಒಡೆಯರು ವೈದ್ಯ ಕೇತಯ್ಯ ಎಂದರು, ಸರಿಯಾಯಿತು. ಎರಡನೆಯದು, ಸೂರಿಲ್ಲದ ಬಾಗಿಲಿಲ್ಲದ ಮನೆಯೊಂದರಲ್ಲಿ ಸಾವಿರ ಜನ ನೀರು ಕುಡಿಯುತ್ತಾರೆ, ಕಟ್ಟಿದವನು ಒಂದು ಗುಟುಕೂ ಕುಡಿಯಲಿಲ್ಲ, ಅವನು ಯಾರು ಎಂದು. ಒಡೆಯರು "ಕೇ" ಎಂದವರು ತಡೆದು ನಿಂತರು. ಒಂದೇ ಹೆಸರು ಎರಡು ಸಲ ಹೇಗೆ ಉತ್ತರವಾದೀತು ಎಂದು ಪಕ್ಕದಲ್ಲಿದ್ದ ನನಗಷ್ಟೇ ಕೇಳುವಂತೆ ಗೊಣಗಿ, ಮೇಘರಾಜ ಅಂದುಬಿಟ್ಟರು.

ಆ ಸೇವಕನನ್ನು ದಡಕ್ಕೆ ಇಳಿಸಿದ ಮೇಲೆ ಕೇತನಿಗೆ ಹುಟ್ಟು ಎತ್ತಲು ಕೈ ಬರಲಿಲ್ಲ. ಎರಡಕ್ಕೂ ಉತ್ತರ ಗೊತ್ತಿದ್ದೂ ಜನರನ್ನು ದಾಟಿಸುತ್ತ ಕೂತರೆ, ಮುಂದೆ ಹೋಗುವ ತಲೆಗೆ ನಾನೂ ಹೊಣೆಯಲ್ಲವೇ ಅನ್ನಿಸಿತು. ಮೂರನೆಯ ಒಗಟು ಏನೆಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ನಾನೇ ಹೋಗುತ್ತೇನೆ ಎಂದು ತಾಯಿಗೆ ಹೇಳಿದ. ಅವಳು ಒಗೆದ ಪಂಚೆ ತಂದುಕೊಟ್ಟಳು.

ಅಂಬಿಗ ಬಂದು ನಿಂತದ್ದನ್ನು ಕಂಡು ಆಸ್ಥಾನದಲ್ಲಿ ಕೆಲವರು ನಕ್ಕರು. ಮಾಳಲೆ ನಗಲಿಲ್ಲ. ಅವಳ ಕಣ್ಣು ಕೆಂಪಾಗಿತ್ತು. "ಹಿಂದಿರುಗಿ ಹೋಗು. ನಿನ್ನನ್ನು ಯಾರೂ ತಡೆಯುವುದಿಲ್ಲ" ಎಂದಳು.

"ಒಗಟು ಕೇಳಿ ಅಮ್ಮಣ್ಣಿ" ಎಂದ ಕೇತ.

ಮೊದಲನೆಯದಕ್ಕೆ ಅವನು ವೈದ್ಯ ಕೇತಯ್ಯ ಎಂದ. ಜ್ವರ ಬಂದ ವರ್ಷ ಊರಿಗೆಲ್ಲ ಕಷಾಯ ಕುಡಿಸಿ, ಆ ಜ್ವರದಲ್ಲೇ ಸತ್ತವರು. ಎರಡನೆಯದಕ್ಕೆ, ಹಿರೇಕೆರೆಯ ಕೇತಯ್ಯ ಎಂದ. ಆ ಹೆಸರನ್ನು ಆಗಲೇ ಹೇಳಿದ್ದೀಯ ಎಂದು ಮಂತ್ರಿ ಎಚ್ಚರಿಸಿದ.

"ಹೌದು ಸ್ವಾಮಿ. ಅವರೇ ಬೇರೆ, ಇವರೇ ಬೇರೆ. ಕೆರೆಯ ಏರಿ ಮುಗಿದ ವಾರಕ್ಕೆ ಇವರು ಕಣ್ಣು ಮುಚ್ಚಿದರು. ಮಳೆ ಬಂದು ಕೆರೆ ತುಂಬಿದ್ದು ಆಮೇಲೆ."

ಮಾಳಲೆ ಮುಂದಕ್ಕೆ ಬಾಗಿ ಕೂತು ಮೂರನೆಯದನ್ನು ಕೇಳಿದಳು. "ವೈದ್ಯ ಕೇತಯ್ಯ, ಕೆರೆಯ ಕೇತಯ್ಯ, ಹಾಡುಗಾರ ಕೇತಯ್ಯ, ಮೂವರೂ ಒಂದು ಮನೆಯ ಮುಂದೆ ನಿಂತಿದ್ದಾರೆ. ಒಳಗಿನಿಂದ ಯಾರೋ 'ಕೇತಯ್ಯ' ಎಂದು ಕೂಗಿದರು. ಒಬ್ಬನೇ ಒಳಗೆ ಹೋಗಬೇಕು. ಯಾರು ಹೋಗಬೇಕು?"

ಮೂವರಲ್ಲಿ ಒಬ್ಬರು ಹೆಚ್ಚು, ಒಬ್ಬರು ಕಡಿಮೆ ಎಂದು ಕೇತನಿಗೆ ಎಂದೂ ಅನ್ನಿಸಿರಲಿಲ್ಲ.

"ಅದು ಹೊರಗೆ ನಿಂತವರನ್ನು ನೋಡಿ ಹೇಳುವ ಮಾತಲ್ಲ, ಅಮ್ಮಣ್ಣಿ. ಒಳಗೆ ಏನಾಗಿದೆ ಎಂದು ಕೇಳಬೇಕು. ಜ್ವರವಿದ್ದರೆ ವೈದ್ಯರು ಹೋಗಲಿ. ನೀರಿಲ್ಲದಿದ್ದರೆ ಕೆರೆಯವರು. ಈ ಅರಮನೆಯಿಂದ ಕೂಗಿದ್ದಾದರೆ ಹಾಡುಗಾರರೇ ಹೋಗಬೇಕು. ಇಲ್ಲಿ ಇಬ್ಬರು ಸತ್ತಿದ್ದಾರೆ, ಯಾರೋ ನಿದ್ದೆಗೆಟ್ಟಿದ್ದಾರೆ."

ಮಾಳಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗು ಸರಿಸಿ, ಉತ್ತರ ಸರಿಯಾಗಿದೆ ಎಂದಳು. ಹೆಸರು ಹಿಡಿದು ಹೊರಟವನು ಮೂವರಲ್ಲಿ ಒಬ್ಬನನ್ನು ಆರಿಸುತ್ತಾನೆ, ಮನುಷ್ಯರ ಕಷ್ಟ ಹಿಡಿದು ಹೊರಟವನು ಮೂವರನ್ನೂ ಉಳಿಸಿಕೊಳ್ಳುತ್ತಾನೆ, ಅಂಥವನಿಗಾಗಿಯೇ ಕಾದಿದ್ದೆ ಎಂದು ಸಭೆಗೆ ತಿಳಿಸಿದಳು. ನಿನ್ನ ಹೆಸರೇನು ಎಂದು ಆಮೇಲೆ ಕೇಳಿದಳು. ಹೇಳಿದಾಗ ಸಭೆಯಲ್ಲಿ ಗುಜುಗುಜು ಎದ್ದಿತು.

ಮೊದಲು ತಲೆದಂಡವನ್ನು ತೆಗೆದುಹಾಕಿ ಎಂದು ಕೇತ ಬೇಡಿಕೊಂಡ. ಅಂದೇ ಡಂಗುರ ಹೊಡೆಸಿ ತೆಗೆದುಹಾಕಿದರು. ಮದುವೆಗೆ ಮುಂಚೆ ಸತ್ತವರ ಮನೆಗೆ ಹೋಗಿ ಬರೋಣ ಎಂದವಳು ಮಾಳಲೆ. ರಾಚಮಲ್ಲನ ತಂದೆ ಅವಳ ಮುಖ ನೋಡಲು ಒಪ್ಪಲಿಲ್ಲ. ಅವಳು ಅಂಗಳದಲ್ಲೇ ಕೈಮುಗಿದು ಹಿಂದಿರುಗಿದಳು.

ಸೋವಿದೇವನ ತಾಯಿ ಜಗಲಿಯಲ್ಲಿ ಕೂತಿದ್ದಳು. ನನ್ನ ಮಗನಿಗೆ ಗೊತ್ತಿಲ್ಲದೆ ಹೋದದ್ದು ಏನು ತಾಯಿ ಎಂದು ಕೇಳಿದಳು. ಸೇವಕ ಹೇಳಿದ್ದನ್ನು ಕೇತ ದಾರಿಯಲ್ಲಿ ಮಾಳಲೆಗೆ ತಿಳಿಸಿದ್ದ.

ಮಾಳಲೆ ಅವಳ ಕಾಲ ಬಳಿ ನೆಲದ ಮೇಲೆ ಕೂತಳು. "ನಿಮ್ಮ ಮಗನಿಗೆ ಗೊತ್ತಿತ್ತು, ಅಮ್ಮ. ಹೇಳಲು ಹೆದರಿದ. ಹೆದರಿಸಿದವಳು ನಾನು."