ಅತ್ತ ಬಾಯಿಗೆ ಮಣ್ಣೆಲ್ಲ ಉಪ್ಪು

ಸುಗ್ಗವ್ವ ಮೂರನೇ ತಟ್ಟೆಗೆ ಬೆಳ್ಳಿ ತಂತಿ ಬಡಿಯುತ್ತ ಕೂತಿದ್ದಾಗ ಒಳಗಿನ ಕೋಣೆಯಲ್ಲಿ ಅವಳಪ್ಪ ಮಾಣಿಕಪ್ಪ ಸತ್ತುಹೋದನಂತೆ. ಯಾವ ಕಾಲ ಅಂತ ಕೇಳಬೇಡ. ರಾಣಿ ಇದ್ದ ಕಾಲ, ಕೋಟೆ ಇದ್ದ ಊರು. ಅಷ್ಟು ಸಾಕು. ಕಣ್ಣು ಮುಚ್ಚು.

ಅವ್ವ ಒಳಗಿಂದ ಒಂದೇ ಸಲ ಕೂಗಿದಳಂತೆ. ಸುಗ್ಗವ್ವ ಸುತ್ತಿಗೆ ಅಲ್ಲೇ ಬಿಟ್ಟು ಓಡಿದಳಂತೆ, ಅಷ್ಟರಲ್ಲಿ ಆಗಿಹೋಗಿತ್ತಂತೆ. ಆಮೇಲೆ ಊರವರು ಬಂದರು, ಎತ್ತಿಕೊಂಡು ಹೋದರು, ಕುಣಿಯಲ್ಲಿ ಇಳಿಸಿದರು, ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಕೊಟ್ಟರು, ಸುಗ್ಗವ್ವನೂ ಒಂದು ಹಿಡಿ ಕೊಟ್ಟಳು, ಆಮೇಲೆ ಮನೆಗೆ ಬಂದು ಕೈಕಾಲು ತೊಳೆದು ಮತ್ತೆ ಸುತ್ತಿಗೆ ಹಿಡಿದು ಕೂತುಬಿಟ್ಟಳಂತೆ. ನೋಡಿದವರು, ಏನು ಕಲ್ಲುಹುಡುಗಿಯಪ್ಪ ಇದು, ಅಂದರಂತೆ. ಅನ್ನೋರು ಅಂತಾರೆ.

ಅವಳು ಕೂತದ್ದಕ್ಕೆ ಕಾರಣ ಇತ್ತು. ಆ ಊರಲ್ಲಿ ರಾಣಿ ಒಂದು ಚಿತ್ರಶಾಲೆ ಕಟ್ಟಿಸಿದ್ದಳಂತೆ. ಯುಗಾದಿ ದಿನ ಅದರ ಬಾಗಿಲು ತೆರೆದರೆ ಊರಿಗೆ ಊರೇ ಹೋಗಿ ನೋಡೋದು. ಹಳೇ ಕೈಗಳ ಕೆಲಸಕ್ಕೆ ದೊಡ್ಡ ದೊಡ್ಡ ಗೋಡೆ. ಬಾಗಿಲ ಎದುರಿಗೆ ಒಂದು ಸಣ್ಣ ಗೋಡೆ, ಅದು ಹೊಸ ಕೈಗೆ ಅಂತ ಮೀಸಲು. ಆ ಗೋಡೆಗೆ ಮೂರು ಗೂಡು, ಮೂರೂ ತುಂಬಬೇಕು. ತುಂಬದೆ ಹೋದರೆ ಗೋಡೆ ಇನ್ನೊಬ್ಬರಿಗೆ, ಮತ್ತೆ ಜನ್ಮದಲ್ಲಿ ಸಿಗಲ್ಲ. ಮಾಣಿಕಪ್ಪನಿಗೆ ಆ ಗೋಡೆ ಕೊನೆಗೂ ಸಿಗಲಿಲ್ಲ, ಮಗಳಿಗೆ ಆ ವರ್ಷ ಸಿಕ್ಕಿತ್ತಂತೆ. ಸತ್ತ ದಿನ ಬೆಳಿಗ್ಗೆ ಅವನು ಮಗಳನ್ನು ಕರೆದು, ನಾ ಇರತೀನೋ ಇಲ್ಲೋ, ಗೋಡಿ ಮಾತ್ರ ಬಿಡಬ್ಯಾಡ, ಅಂದಿದ್ದನಂತೆ. ಹಾಗಾಗಿ ಕೂತಳು.

ಅವರದು ಬಿದರಿ ಕೆಲಸ. ಸತುವಿಗೆ ಒಂಚೂರು ತಾಮ್ರ ಸೇರಿಸಿ ಕರಗಿಸಿ ತಟ್ಟೆ ಎರಕ ಹೊಯ್ಯೋದು, ಉಳಿಯಿಂದ ಚಿತ್ರ ಗೀರೋದು, ಆಮೇಲೆ ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸೋದು, ಆಮೇಲೆ ಅರ ಹಾಕಿ ಉಜ್ಜಿ ನುಣ್ಣಗೆ ಮಾಡೋದು. ಆಗ ತಟ್ಟೆಯೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ. ಚಿತ್ರ ಕಾಣಲ್ಲ. ಮಾಡಿದವರಿಗೂ ಕಾಣಲ್ಲ. ಕೊನೆಗೆ ಒಂದು ಮಣ್ಣು ತಂದು ನವಸಾಗರದ ಜೊತೆ ನೀರಲ್ಲಿ ಕುದಿಸಿ ಅದರೊಳಗೆ ತಟ್ಟೆ ಮುಳುಗಿಸಿದರೆ ತಟ್ಟೆ ಕಾಗೆ ರೆಕ್ಕೆ ಹಾಗೆ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ, ಆಗ ಚಿತ್ರ ಕಣ್ಣಿಗೆ ಬೀಳುತ್ತೆ. ಆದರೆ ಆ ಮಣ್ಣು ಬಿಸಿಲು ಕಂಡಿರಬಾರದು, ಮಳೆ ಕಂಡಿರಬಾರದು. ನೋಡಿದರೆ ಗೊತ್ತಾಗಲ್ಲ, ಮೂಸಿದರೆ ಗೊತ್ತಾಗಲ್ಲ. ನಾಲಿಗೆ ಮೇಲೆ ಇಟ್ಟರೆ ಉಪ್ಪುಪ್ಪಾಗಿ ಚುರ್ ಅನ್ನಬೇಕು. ಹುಸಿ ಮಣ್ಣಲ್ಲಿ ಒಂದು ಸಲ ಮುಳುಗಿದ ತಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತೆ, ಮತ್ತೆ ಯಾವ ಮಣ್ಣಿಗೂ ಕಪ್ಪಾಗಲ್ಲ.

ಮೊದಲನೇ ತಟ್ಟೆಯಲ್ಲಿ ಕೋಟೆ ಬಾಗಿಲು, ಎರಡನೇದರಲ್ಲಿ ಜೋಡಿ ಪಾರಿವಾಳ, ಮೂರನೇದರಲ್ಲಿ ಅಂಚಿನ ಸುತ್ತ ಓಡಿ ತನ್ನ ತುದಿಯನ್ನ ತಾನೇ ಮುಟ್ಟೋ ಒಂದು ಬಳ್ಳಿ. ಮೂರಕ್ಕೂ ಬೆಳ್ಳಿ ಕೂತಿತು, ಅರ ಬಿತ್ತು, ಮೂರೂ ಬೆಳ್ಳಗೆ ಖಾಲಿ ಕಂಡವಂತೆ. ಯುಗಾದಿ ಹತ್ತಿರ ಬಂದಿತ್ತಂತೆ.

ಅಪ್ಪ ಮಣ್ಣು ತರುತ್ತಿದ್ದದ್ದು ಕೋಟೆಯ ಹಳೇ ಬುರುಜಿನ ಒಳಗಿಂದ. ಸುಗ್ಗವ್ವನೂ ಅಲ್ಲಿಗೇ ಹೋದಳಂತೆ. ಬುರುಜು ಕಾಯುತ್ತಿದ್ದವನು ಕಾಸೀಮ ಅಂತ ಮುದುಕ, ಮಾಣಿಕಪ್ಪನ ಗೆಳೆಯ, ಬಾಯಲ್ಲಿ ಯಾವಾಗಲೂ ತಂಬಾಕು. ಬಾ ಮಗಳ, ಹೋದ ವರ್ಷ ಹಾಸಿಗಿ ಹಿಡಿದಾಗಿಂದ ನಿಮ್ಮಪ್ಪ ಈ ಕಡೆ ಬರಲೇ ಇಲ್ಲ, ಅಂತ ದೀಪ ಹಿಡಿದು ಒಳಗೆ ಕರೆದುಕೊಂಡು ಹೋದನಂತೆ. ಸುಗ್ಗವ್ವ ಒಂದು ಚಿಟಿಕೆ ತೆಗೆದು ನಾಲಿಗೆ ಮೇಲೆ ಇಟ್ಟುಕೊಂಡಳಂತೆ. ಉಪ್ಪು ಅದ, ಅಂದಳಂತೆ. ಕಾಸೀಮ ಗಡ್ಡ ಕೆರೆದುಕೊಂಡು, ಉಪ್ಪು ಅದ? ಅಂದನಂತೆ. ಅದ, ಅಂದಳಂತೆ. ಅವನು ಏನೋ ಹೇಳೋಕೆ ಬಾಯಿ ತೆರೆದು, ಆಮೇಲೆ, ಇರಲಿ, ನಾಲಿಗಿ ನಿಮ್ಮ ಮನಿದು, ಅಂದನಂತೆ.

ಮಣ್ಣು ತಂದು ಕುದಿಸಿ ಕೋಟೆ ಬಾಗಿಲಿನ ತಟ್ಟೆ ಮುಳುಗಿಸಿದಳಂತೆ. ಎತ್ತಿದರೆ ಬೂದಿ ಬಣ್ಣ. ಬಾಗಿಲೂ ಇಲ್ಲ, ಕೋಟೆಯೂ ಇಲ್ಲ.

ಆಮೇಲೆ ಮಠಕ್ಕೆ ಹೋದಳಂತೆ. ಮಠದಲ್ಲಿ ಒಂದು ನೆಲಮಾಳಿಗೆ, ಅಲ್ಲಿಗೂ ಬಿಸಿಲು ಬರಲ್ಲ ಅಂತ ಜನ ಅನ್ನೋರು. ಅಲ್ಲಿನ ಮಣ್ಣು ನೆಕ್ಕಿದಳಂತೆ, ಅದೂ ಉಪ್ಪು. ತಂದಳು, ಕುದಿಸಿದಳು, ಪಾರಿವಾಳದ ತಟ್ಟೆ ಮುಳುಗಿಸಿದಳು. ಅದೂ ಬೂದಿ.

ಅದೇ ಹೊತ್ತಿಗೆ ಚಿತ್ರಶಾಲೆ ನೋಡಿಕೊಳ್ಳೋ ರಾಚೋಟಪ್ಪ ಕೆಲಸ ಎಲ್ಲಿಗೆ ಬಂತು ಅಂತ ನೋಡೋಕೆ ಬಂದನಂತೆ. ಎರಡು ತಟ್ಟೆ ತಿರುಗಿಸಿ ತಿರುಗಿಸಿ ನೋಡಿ, ಏನವ್ವ ಸುಗ್ಗವ್ವ, ಇವು ತಟ್ಟಿಯೋ, ರೊಟ್ಟಿ ಸುಡೋ ಹಂಚೋ? ಅಂದನಂತೆ. ಇವಳು ತಟ್ಟೆ ಇಸಕೊಂಡು ಬದಿಗಿಟ್ಟಳು. ಸಾವಿನ ಮನಿ, ಗೋಡಿ ಬಿಟ್ಟುಕೊಟ್ಟರೂ ಯಾರೂ ಏನೂ ಅನ್ನಂಗಿಲ್ಲ, ಕಾಯೋರು ಬಾಳ ಮಂದಿ ಅದಾರ, ನಾಳೆ ಬೆಳಗಾದರ ಯುಗಾದಿ, ಅಂದನಂತೆ. ಬೆಳಗಾಗಲಿ ಬಿಡ್ರಿ, ಅಂದಳಂತೆ ಸುಗ್ಗವ್ವ. ಅವನು ಹೋದನಂತೆ.

ಉಳಿದದ್ದು ಒಂದು ತಟ್ಟೆ, ಒಂದು ಹಗಲು. ಸುಗ್ಗವ್ವ ಬುಟ್ಟಿ ಎತ್ತಿಕೊಂಡು ಮತ್ತೆಲ್ಲಾದರೂ ಮಣ್ಣು ಹುಡುಕೋಕೆ ಹೊರಟಳಂತೆ. ಹೊಸ್ತಿಲಲ್ಲಿ ಅವ್ವ ಅಡ್ಡ ನಿಂತಳಂತೆ.

ಯಾಕ ಅಳಾಕತ್ತೀ, ಅಂದಳಂತೆ ಅವ್ವ.

ನಾ ಎಲ್ಲಿ ಅಳಾಕತ್ತೀನಿ, ಅಂದಳಂತೆ ಮಗಳು.

ಗಲ್ಲ ಮುಟ್ಟಿ ನೋಡಿಕೋ.

ಮುಟ್ಟಿ ನೋಡಿಕೊಂಡಳಂತೆ. ಒದ್ದೆ. ತುಟಿ ಮುಟ್ಟಿಕೊಂಡಳು, ಅದೂ ಒದ್ದೆ. ಅಪ್ಪನಿಗೆ ಮಣ್ಣು ಕೊಟ್ಟು ಬಂದಾಗಿಂದ ಕಣ್ಣು ತಾನೇ ತಾನಾಗಿ ಸುರಿಯುತ್ತಿತ್ತು, ಕೆಲಸದ ಧ್ಯಾನದಲ್ಲಿ ಅವಳಿಗೆ ಅದು ತಿಳಿದೇ ಇರಲಿಲ್ಲವಂತೆ.

ಅವ್ವ ಅಂದಳಂತೆ, ನೀ ನೆಕ್ಕಿದ್ದು ಮಣ್ಣಲ್ಲ, ನಿನ್ನ ಕಣ್ಣೀರು. ಅತ್ತ ಬಾಯಿಗೆ ಮಣ್ಣೆಲ್ಲ ಉಪ್ಪು.

ಸುಗ್ಗವ್ವ ಬುಟ್ಟಿ ಕೆಳಗಿಟ್ಟಳಂತೆ. ಹಂಗಾದರ ನೀನೇ ಬಾ, ನೀ ರುಚಿ ನೋಡು, ಅಂದಳಂತೆ. ನಂದೂ ಅತ್ತ ಬಾಯೇ ಅಲ್ಲೇನ, ಅಂದಳಂತೆ ಅವ್ವ. ಕಾಸೀಮಜ್ಜಗ ಕೇಳ್ತೀನಿ, ಅಂದಳಂತೆ ಮಗಳು. ಅವನ ಬಾಯಿಗೆ ತಂಬಾಕು ಬಿಟ್ಟು ಬ್ಯಾರೆ ಏನು ತಿಳೀತದ, ಅಂದಳಂತೆ ಅವ್ವ. ಆಮೇಲೆ ಅವ್ವ, ಮೊದಲು ಅತ್ತು ಮುಗಿಸೋಣ ನಡಿ, ಅಂದಳಂತೆ. ಅಳಾಕ ಹೊತ್ತೆಲ್ಲಿ ಅದ ಅವ್ವ, ಅಂದರೆ, ಇರೋ ಹೊತ್ತು ಅದಕ್ಕೇ ಅದ, ಅಂದಳಂತೆ.

ಇಬ್ಬರೂ ಅಪ್ಪನ್ನ ಮಣ್ಣು ಮಾಡಿದ ಜಾಗಕ್ಕೆ ಹೋದರಂತೆ. ಒಬ್ಬರು ತಲೆ ಕಡೆ, ಒಬ್ಬರು ಕಾಲ ಕಡೆ ಕೂತು ಅತ್ತರಂತೆ. ಮೊದಲು ಸಣ್ಣಗೆ, ಆಮೇಲೆ ದೊಡ್ಡಕೆ. ಅವ್ವ ಗಂಡನ ಒಂದೊಂದೇ ಗುಣ ಹೇಳಿಕೊಂಡು ಅತ್ತಳಂತೆ. ಅವನ ಸಿಟ್ಟು ಹೇಳಿದಳು, ಅವನ ಗೊರಕೆ ಹೇಳಿದಳು, ಬಸುರಿಯಾಗಿದ್ದಾಗ ತನಗೆ ಹುಣಸೆಕಾಯಿ ತರೋಕೆ ಹೋಗಿ ಮರದಿಂದ ಬಿದ್ದದ್ದು ಹೇಳಿದಳು. ಸುಗ್ಗವ್ವ ಅಪ್ಪಾ ಅನ್ನೋದೊಂದನ್ನೇ ಹೇಳಿದಳಂತೆ. ಹೊತ್ತು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು, ದನಿ ಹೋಯಿತು, ಕಣ್ಣು ಬತ್ತಿದವು, ಆಮೇಲೆ ಅಳು ತಾನಾಗಿ ನಿಂತುಹೋಯಿತಂತೆ.

ಮನೆಗೆ ಬಂದು ಅವ್ವ ಉಪ್ಪು ಹಾಕದ ರೊಟ್ಟಿ ಕೊಟ್ಟಳಂತೆ. ಸಪ್ಪಗದ, ಅಂದಳಂತೆ ಸುಗ್ಗವ್ವ. ಹಂಗಾದರ ಈಗ ಹೋಗು, ಅಂದಳಂತೆ ಅವ್ವ.

ಸುಗ್ಗವ್ವ ಬಾಯಿ ಮುಕ್ಕಳಿಸಿ ಬುರುಜಿಗೆ ಹೋದಳಂತೆ. ಹಿಂದೆ ತೆಗೆದ ಜಾಗದ ಮಣ್ಣೇ ಒಂದು ಚಿಟಿಕೆ ನಾಲಿಗೆಗೆ ಇಟ್ಟಳು. ಸಪ್ಪೆ. ಅಜ್ಜ, ಇದು ಮಳಿ ಕಂಡ ಮಣ್ಣು, ಅಂದಳಂತೆ. ಕಾಸೀಮ, ಹೌದವ್ವ, ಹೋದ ಮಳಿಗಾಲದಾಗ ಗೋಡಿ ಬಿರಿದು ಇಲ್ಲೆಲ್ಲ ನೀರು ನಿಂತಿತ್ತು, ಹೇಳಬೇಕಂತ ಬಾಯಿ ತೆರೆದೆ, ನೀ ಉಪ್ಪು ಅದ ಅಂದಿ, ಮಾಣಿಕಪ್ಪನ ಮಗಳ ನಾಲಿಗಿಗೆ ನಾ ಏನು ಎದುರು ಹೇಳಲಿ, ಅಂದನಂತೆ. ಆಮೇಲೆ ದೀಪ ಎತ್ತಿ ಹಿಂದಿನ ಗೋಡೆ ತೋರಿಸಿದನಂತೆ. ಅದರ ಬುಡದಲ್ಲಿ ಒಂದು ಕಿಂಡಿ, ನಾಯಿ ನುಗ್ಗೋ ಅಷ್ಟು. ಆಚೆ ಇನ್ನೊಂದು ಕೋಣಿ ಅದ, ಅಲ್ಲಿಗೆ ನೀರೂ ಹೋಗಿಲ್ಲ, ಬೆಳಕೂ ಹೋಗಿಲ್ಲ, ಪ್ರಾಯದಾಗ ನಿಮ್ಮಪ್ಪ ತೆವಳಿಕೊಂಡು ಹೋಗ್ತಿದ್ದ, ಹೊಟ್ಟಿ ಬಂದ ಮ್ಯಾಲ ಒಂದು ಸಲ ನಡುವ ಸಿಕ್ಕಿಕೊಂಡ, ನಾ ಕಾಲು ಹಿಡಿದು ಎಳೆದು ತೆಗೆದೆ, ನಿಮ್ಮವ್ವಗ ಹೇಳಬ್ಯಾಡ ಅಂದಿದ್ದ, ಅಂದನಂತೆ. ಅಪ್ಪ ಸತ್ತ ಮೇಲೆ ಸುಗ್ಗವ್ವ ನಕ್ಕದ್ದು ಅವತ್ತೇ ಮೊದಲು.

ಕಿಂಡಿಯೊಳಗೆ ತೆವಳಿದಳಂತೆ. ಕತ್ತಲು. ಕೈಗೆ ಸಿಕ್ಕಲ್ಲಿ ಒಂದು ಚಿಟಿಕೆ, ಸಪ್ಪೆ. ಇನ್ನಷ್ಟು ಮುಂದೆ ಇನ್ನೊಂದು ಚಿಟಿಕೆ, ಅದೂ ಸಪ್ಪೆ. ಮೂಲೆ ಕೈಗೆ ತಾಗಿದಲ್ಲಿ ಮೂರನೇ ಚಿಟಿಕೆ ಇಟ್ಟಳು. ನಾಲಿಗೆ ಚುರ್ ಅಂದಿತಂತೆ. ಕಣ್ಣು ಒರೆಸಿ ನೋಡಿಕೊಂಡಳು, ಒಣಗಿತ್ತು. ಸೆರಗಲ್ಲಿ ಕಟ್ಟಿಕೊಂಡು ಬಂದಳಂತೆ.

ಆಮೇಲೆ ಅವ್ವ ಒಲೆ ಹಚ್ಚಿದಳು, ನೀರು ಕುದಿಯಿತು, ಮಣ್ಣು ಬಿತ್ತು, ಬಳ್ಳಿಯ ತಟ್ಟೆ ಮುಳುಗಿತು. ಎತ್ತಿ ನೀರು ಹೊಯ್ದು ಒರೆಸಿದರೆ ಕಾಗೆ ರೆಕ್ಕೆಯಂಥ ಕಪ್ಪು, ಅದರ ಮೇಲೆ ಬೆಳ್ಳಗೆ ಬಳ್ಳಿ. ಎಲೆ ಎಲೆಯೂ ಕಂಡಿತಂತೆ. ಅವ್ವ ದೀಪ ಹತ್ತಿರ ತಂದಳಂತೆ. ಬಳ್ಳಿ ಸುತ್ತಿಕೊಂಡು ಓಡಿ ಓಡಿ ಒಂದು ಕಡೆ ಕಡಿದಿತ್ತಂತೆ. ಅಲ್ಲಿ ಬೆಳ್ಳಿಯೇ ಇಲ್ಲ, ಬರೀ ಕಪ್ಪು, ಆಮೇಲೆ ಮತ್ತೆ ಬಳ್ಳಿ. ಅವ್ವ ಕೂಗಿದಾಗ ಸುಗ್ಗವ್ವ ಸುತ್ತಿಗೆ ಬಿಟ್ಟು ಎದ್ದದ್ದು ಅಲ್ಲಿ. ತಿರುಗಿ ಬಂದು ಕೂತಾಗ ಕಣ್ಣು ತುಂಬಿ ಮುಂದಿನ ಗೀರಿಗೆ ತಂತಿ ಹಿಡಿದಿದ್ದಳು. ಅರ ಬಿದ್ದ ಮೇಲೆ ಎಲ್ಲ ಬೆಳ್ಳಗೆ, ಯಾರಿಗೆ ಕಾಣಬೇಕು.

ತುಂಬಬಹುದಾ ಅಂದರೆ ತುಂಬಬಹುದು. ಮತ್ತೆ ಅರ ಹಾಕಬೇಕು, ಬಂದ ಕಪ್ಪು ಹೋಗುತ್ತೆ, ಅಷ್ಟರಲ್ಲಿ ಬೆಳಗಾಗುತ್ತೆ, ಗೋಡೆ ಹೋಗುತ್ತೆ. ಅವ್ವ ಆ ಖಾಲಿ ಜಾಗದ ಮೇಲೆ ಹೆಬ್ಬೆರಳು ಇಟ್ಟಳಂತೆ. ಸರಿಯಾಗಿ ಒಂದು ಹೆಬ್ಬೆರಳ ಅಗಲ. ಸುಗ್ಗವ್ವ ಮೂರು ತಟ್ಟೆಯನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿದಳಂತೆ.

ಯುಗಾದಿ ಬೆಳಿಗ್ಗೆ ಅವಳು ಹೋದಾಗ ರಾಚೋಟಪ್ಪ ಬಾಗಿಲಲ್ಲೇ ಇದ್ದನಂತೆ. ಗಂಟು ಬಿಚ್ಚಿಸಿ ನೋಡಿ, ಕರೀದು ಚಲೋ ಅದ, ಅದೊಂದೇ ಇಡು, ಆ ಎರಡು ಹಂಚು ಒಳಗಿಡು, ಮಂದಿ ನಗ್ತಾರ, ಅಂದನಂತೆ. ಒಂದೇ ಇಟ್ಟರ ಗೋಡಿ ಹೋತದ, ಮೂರು ಗೂಡು ತುಂಬು ಅಂದವರು ನೀವೇ, ಮೂರು ತಂದೀನಿ, ಅಂದಳಂತೆ ಸುಗ್ಗವ್ವ. ಅವನು ಗಂಟು ಅವಳ ಕೈಗೆ ತಿರುಗಿ ಕೊಟ್ಟ. ನಗಲಿ ಬಿಡು, ನಿನ್ನ ಹಣೇಬರ, ಅಂತ ಬದಿಗೆ ಸರಿದನಂತೆ. ಸುಗ್ಗವ್ವ ಎಡಕ್ಕೊಂದು ಬೂದಿ ತಟ್ಟೆ, ಬಲಕ್ಕೊಂದು ಬೂದಿ ತಟ್ಟೆ, ನಡುವೆ ಕರಿ ತಟ್ಟೆ ಇಟ್ಟು ಪಕ್ಕದಲ್ಲಿ ನಿಂತಳಂತೆ. ಜನ ಬಂದರು. ಕೆಲವರು ನಕ್ಕರು. ಆಮೇಲೆ ರಾಣಿ ಬಂದಳಂತೆ. ವಯಸ್ಸಾದವಳು, ಕೋಲು ಊರಿಕೊಂಡು ಬಂದಳಂತೆ. ಆ ಗೋಡೆ ಎದುರು ನಿಂತು ಮೊದಲು ಎಡಗಡೆ ನೋಡಿ, ಇದರಾಗ ಏನೂ ಕಾಣಂಗಿಲ್ಲಲ್ಲ? ಅಂದಳಂತೆ.

ಅದರಾಗ ಕೋಟಿ ಬಾಗಿಲ ಅದರೀ, ಮಣ್ಣು ನೆಕ್ಕುವಾಗ ಅಳಾಕತ್ತಿದ್ದೆ, ಅಂದಳಂತೆ ಸುಗ್ಗವ್ವ.

ಇದು?

ಅದರಾಗ ಪಾರಿವಾಳ ಅದಾವರೀ. ಆವಾಗೂ ಅಳಾಕತ್ತಿದ್ದೆ.

ರಾಣಿ ನಡುವಿನ ತಟ್ಟೆ ಹತ್ತಿರ ಹೋದಳಂತೆ. ಬಳ್ಳಿಯ ಗುಂಟ ಬೆರಳು ಎಳೆಯುತ್ತ ಹೋಗಿ, ಕಡಿದ ಜಾಗದಲ್ಲಿ ಬೆರಳು ನಿಲ್ಲಿಸಿ, ಇಲ್ಲಿ ಯಾಕ ಬಿಟ್ಟೀ? ಅಂದಳಂತೆ.

ಅಲ್ಲಿ ನಮ್ಮಪ್ಪ ಸತ್ತ, ಅಂದಳಂತೆ ಸುಗ್ಗವ್ವ.

ರಾಣಿ ಬೆರಳು ತೆಗೆಯಲಿಲ್ಲವಂತೆ. ನಗುತ್ತಿದ್ದವರು ನಗು ನಿಲ್ಲಿಸಿದರಂತೆ. ಆಮೇಲೆ ರಾಣಿ ರಾಚೋಟಪ್ಪನ ಕಡೆ ತಿರುಗಿ, ಇವು ಇಲ್ಲೇ ಇರಲಿ, ಹೊಸಬರಿಗೆ ಬ್ಯಾರೆ ಗೋಡಿ ಕಟ್ಟಿಸು, ಅಂದಳಂತೆ.

ಕಟ್ಟಿಸಿದನಂತೆ. ಸುಗ್ಗವ್ವ ಅಪ್ಪನ ಮಣೆ ಮೇಲೆ ಕೂತು ಮುಪ್ಪಿನವರೆಗೂ ಕೆಲಸ ಮಾಡಿದಳಂತೆ. ಮೂರು ತಟ್ಟೆ ಅಲ್ಲೇ ಉಳಿದವಂತೆ. ಅಷ್ಟೇ. ಮಲಗು.