ತಲೆಯಾಡಿಸುವ ಕಾವಲುಗಾರ

ಹೊರದೇಶದಿಂದ ಬರುವ ಸಸಿಗಳನ್ನು ರೋಗ, ಹುಳು ನೋಡದೆ ಒಳಗೆ ಬಿಡಕೂಡದೆಂದು ತೋಟದ ಮರಗಳೆಲ್ಲ ಸೇರಿ ಬೇಲಿಯ ಮೇಲಿನ ಓತಿಕ್ಯಾತನನ್ನು ಕಾವಲಿಗಿಟ್ಟವು. ಅಂದಿನಿಂದ ಅವನು ಕತ್ತು ಕೆಂಪಗೆ ಮಾಡಿಕೊಂಡು, ತನ್ನಷ್ಟು ಖಡಕ್ ಆದವನು ಮೂರು ಲೋಕದಲ್ಲೂ ಇಲ್ಲವೆಂದುಕೊಂಡಿದ್ದ.

ಒಂದು ದಿನ ಪರದೇಶದ ದಾಸವಾಳವೊಂದು ಕುಂಡದ ಸಮೇತ ಬಂದು ನಿಂತಿತು. ಅದರ ಎಲೆಯಡಿಯಲ್ಲಿ ಗಿಡದ ರಸ ಹೀರುವ ಹಿಟ್ಟು ತಿಗಣೆಗಳು ಸಂಸಾರ ಹೂಡಿದ್ದವು.

"ಯಾರಿವರು?" ಎಂದ ಓತಿಕ್ಯಾತ.

"ನಮ್ಮ ನೆಂಟರು ಸ್ವಾಮಿ. ಒಳಗೆ ಬರಬಹುದೇ?"

"ಸಾಧ್ಯವೇ ಇಲ್ಲ," ಎಂದು ಗದರಿದ. ಆದರೆ ಹುಟ್ಟುಗುಣ ಸುಟ್ಟರೂ ಹೋಗದಲ್ಲ, ಮಾತಿನ ಜೊತೆಗೇ ಅವನ ತಲೆ ಮೇಲಕ್ಕೂ ಕೆಳಕ್ಕೂ ಆಡಿತು. ದಾಸವಾಳ ಅದನ್ನೇ ಅಪ್ಪಣೆಯೆಂದು ತಿಳಿದು ಒಳಗೆ ನಡೆಯಿತು. ಹೇಳುವುದನ್ನು ಹೇಳಿದ್ದಾಯಿತು ಎಂದುಕೊಂಡು ಓತಿಕ್ಯಾತ ಬಿಸಿಲು ಕಾಯಿಸುತ್ತ ಕೂತ.

ಬೇಸಿಗೆ ಕಳೆಯುವಷ್ಟರಲ್ಲಿ ಸೀಬೆ ಮರದ ಮೈಯೆಲ್ಲ ಬೆಳ್ಳಗೆ ತಿಗಣೆ ಮೆತ್ತಿತ್ತು.

"ಇದೇನೋ ನಿನ್ನ ಕಾವಲು?" ಎಂದು ಮರ ಸಿಟ್ಟಾಯಿತು.

"ನಾನು ಬೇಡವೆಂದೇ ಹೇಳಿದ್ದೆ. ಬೇಕಾದರೆ ಬೇಲಿಯನ್ನು ಕೇಳಿ."

"ಹೌದು, ಹೇಳಿದ್ದ," ಎಂದಿತು ಬೇಲಿ.

ಓತಿಕ್ಯಾತನಿಗೆ ಬೇಲಿಯೇ ಸಾಕ್ಷಿಯಾದ ಮೇಲೆ ಇನ್ನೇನು ವಾದ? ಸೀಬೆ ಮರ ನಿಟ್ಟುಸಿರು ಬಿಟ್ಟು, "ಆದದ್ದಾಯಿತು. ಇನ್ನು ಮೇಲಾದರೂ ಇಂಥವರನ್ನು ಬಿಡುವುದಿಲ್ಲ ತಾನೇ?" ಎಂದಿತು.

"ಖಂಡಿತ ಬಿಡುವುದಿಲ್ಲ," ಎಂದು ಓತಿಕ್ಯಾತ ಎಂದಿಗಿಂತ ಜೋರಾಗಿ ತಲೆಯಾಡಿಸಿದ.

ಬೇಲಿಯಾಚೆ ಕಾದು ನಿಂತಿದ್ದ ಗುಲಾಬಿ ಕುಂಡ ಅದನ್ನು ಕಂಡು, "ದೊಡ್ಡ ಉಪಕಾರವಾಯಿತು ಸ್ವಾಮಿ," ಎಂದು ತನ್ನ ನೆಂಟರನ್ನೆಲ್ಲ ಕರೆದುಕೊಂಡು ಒಳಗೆ ಬಂತು.