ಲಾಡ್ಲೇಸಾಬ ಎಣಿಸಿದ ಹತ್ತು

ಭಾಳ ಹಿಂದ, ನಮ್ಮಜ್ಜನ ಅಜ್ಜ ಇನ್ನೂ ಮೀಸಿ ತಿರುವತಿದ್ದ ಕಾಲಕ್ಕ, ಇದ ಊರಾಗ ಲಾಡ್ಲೇಸಾಬ ಅಂತ ಒಬ್ಬ ಫೋಟೋ ತೆಗಿಯಾವ ಇದ್ದನಂತ. ನೆಟ್ಟಗ ಕುಂತು ಕೇಳ್ರಿ. ನಡುವ ಬಾಯಿ ಹಾಕಿದ್ರ ಎದ್ದು ಹೋಗಾವ ನಾ.

ಅಂವ ಬಿಸಲಾಗ ಒಂದು ಫೋಟೋನೂ ತೆಗಿಲಿಲ್ಲಂತ. ಬಿಸಲು ಮಾರಿ ಸುಡತದ, ಮನಸ್ಸು ಕಾಣಸಂಗಿಲ್ಲ ಅಂತಿದ್ದ. ಊರ ಅಂಚಿಗೆ ಹಾಳು ಬಿದ್ದ ಗಾಣದ ಮನಿ ಇತ್ತಲ್ಲ, ಅದ ಅಂವನ ಜಾಗ. ಎಣ್ಣಿ ಕುಡದು ಕರ್ರಗಾದ ಗ್ವಾಡಿ, ಮಾಳಗಿಯೊಳಗ ಒಂದ ಒಂದು ಬೆಳಕಿಂಡಿ. ಅಲ್ಲಿಂದ ಇಳಿಯೋ ಬೆಳಕಿನಾಗ ಕುಂದರಿಸಿದ್ರ ಎಂಥಾ ಒರಟನ ಮಾರಿಗೂ ಕಳೆ ಬರತಿತ್ತಂತ.

ಈಗಿನಂಗ ಪಟಕ್ಕನ ತೆಗಿಯೋ ಡಬ್ಬಿ ಅಲ್ಲ ಅದು. ಗಾಜಿನ ಹಲಗಿ ಹಾಕಬೇಕು, ಹತ್ತು ಎಣಿಸೋತನ ಡಬ್ಬಿ ಕಣ್ಣು ತೆರೆದಿಡಬೇಕು. ಅಷ್ಟರಾಗ ಅಲುಗಾಡಿದ್ದೆಲ್ಲಾ ಗಾಜಿನ ಮ್ಯಾಲ ಒರೆಸಿದಂಗ ಆಗತಿತ್ತು. ಅದಕ್ಕ ಸಾಬ ಬಾಗಲಾ ಹಾಕಿ, ಗಾಳಿ ನಿಂದರಿಸಿ, ಎಲ್ಲಾರಿಗೂ ಉಸಿರು ಹಿಡೀರಿ ಅಂತ ಹೇಳಿ ಎಣಿಸಾವ.

ಮತ್ತ ನಮ್ಮ ಪದ್ಧತಿ ನಿಮಗ ಗೊತ್ತದ. ಹೋದವರನ್ನ ಕುಂದರಿಸಿ, ಇಬತ್ತಿ ಹಚ್ಚಿ, ಹೊಸಾದು ಉಡಿಸಿ, ಮನಿಮಂದಿ ಬಾಜೂಕ ಕುಂತು ಕಡೀ ಫೋಟೋ ತೆಗಸ್ತೀವಿ. ಮಣ್ಣಿಗೆ ಒಯ್ಯೋ ಹಾದ್ಯಾಗ ಗಾಣದ ಮನ್ಯಾಗ ಇಳಸತಿದ್ರು. ಹೆಣದ ಫೋಟೋ ಅಂದ್ರ ಸಾಬಗ ಭಾಳ ಸಸಾರ. ಅವು ಅಲುಗಾಡಂಗಿಲ್ಲ ನೋಡ್ರಿ.

ಒಂದು ದಿನ ನಿಂಬೆವ್ವ ಅನ್ನೋ ಬಾಣಂತಿ ಹೋದಳು. ನಾಲ್ಕು ದಿನ ಜ್ವರ, ಐದನೇ ದಿನ ಕೈ ತಣ್ಣಗ. ನಾಡಿ ಹಿಡಿಯೋ ಅಯ್ನೋರು ಮುಗೀತು ಅಂದ್ರು. ತೊಟ್ಟಿಲಾಗ ಒಂದೂವರಿ ತಿಂಗಳ ಕೂಸು. ಅತ್ತಿ ಕಾಶವ್ವ ಎದಿ ಬಡಕೊಂಡು ಅತ್ತಳಂತ. ನಾಳೆ ಕೂಸು ನಮ್ಮವ್ವ ಹೆಂಗಿದ್ಲು ಅಂತ ಕೇಳಿದ್ರ ಏನು ತೋರಸ್ಲಿ, ಸಾಬಗ ಹೇಳಿ ಕಳಸ್ರಿ ಅಂದಳಂತ. ತೂಗಾಡೋ ಮುತ್ತಿನ ನತ್ತು ತನ್ನ ಮೂಗಿಂದು ಬಿಚ್ಚಿ ಸೊಸಿ ಮೂಗಿಗೆ ಹಾಕಿದಳಂತ.

ಗಾಣದ ಮನ್ಯಾಗ ಕುಂದರಿಸಿದ್ರು. ಬಾಗಲಾ ಹಾಕಿದ್ರು. ಉಸಿರು ಹಿಡಿದ್ರು. ಸಾಬ ಹತ್ತು ಎಣಿಸಿದ. ಆತು, ಎತ್ತಿದ್ರು, ಭಜನಿ ಹಚ್ಚಿ ಹೊಂಟ್ರು.

ಸಾಬ ಕತ್ತಲ ಮೂಲ್ಯಾಗ ಕಂಬಳಿ ಹೊತ್ತು ಹಲಗಿ ತೊಳದ. ತಂದು ಬೆಳಕಿಗೆ ಹಿಡದ. ಕಾಶವ್ವ ನೆಟ್ಟಗ ಮೂಡ್ಯಾಳ. ಅಯ್ನೋರು ನೆಟ್ಟಗ. ಮಂದಿಯೆಲ್ಲಾ ಕಲ್ಲಿನಂಗ ಕುಂತಾರ. ನಿಂಬೆವ್ವನ ನತ್ತಿನ ಮುತ್ತು ಮಾತ್ರ ದುಂಡಗಿಲ್ಲ, ಗೆರಿ ಎಳದದ. ಗಾಳಿ ಅನ್ನಬೇಕಂದ್ರ ಬಾಗಲಾ ತಾನ ಹಾಕಿದ್ದ. ಹಲಗಿ ಮತ್ತೊಮ್ಮೆ ಬೆಳಕಿಗೆ ಹಿಡದು ಒದರಿದನಂತ. "ಯಾ ಅಲ್ಲಾ, ಎಲ್ಲಾರೂ ಉಸಿರು ಹಿಡದಾಗ ಈಕಿ ಒಬ್ಬಾಕಿನ ಉಸಿರಾಡ್ಯಾಳ!"

ಹಸೀ ಹಲಗಿ ಎದಿಗೆ ಹಿಡಕೊಂಡು, ಕಾಲಾಗ ಚಪ್ಪಲಿ ಇಲ್ಲದ ಓಡಿದ. ಅಂವ ಮುಟ್ಟೋದ್ರಾಗ ಕುಣಿಗೆ ಇಳಸ್ಲಿಕ್ಕೆ ಎತ್ತಿದ್ರು. ಮುಚ್ಚಬ್ಯಾಡ್ರೋ, ಜೀವ ಅದ ಅಂತ ಒದರಿದ. ಎತ್ತಿದವರು ಹೆಣ ಕೆಳಗಿಟ್ರು. ಅಯ್ನೋರು ಗಾಜು ನೋಡಿ, ಹಲಗಿ ಕೆಟ್ಟದ, ಇಂವನ ತಲಿನೂ ಕೆಟ್ಟದ ಅಂದ್ರಂತ. ಕುಣಿತನ ಬಂದ ಹೆಣ ಊರ ಕಡಿ ಹೊಳ್ಳಿದ್ದು ಹುಟ್ಟಿದಾಗಿಂದ ಕೇಳಿಲ್ಲ ಅಂದ್ರಂತ. ಆಗ ಕಾಶವ್ವ ಸೆರಗು ಬಿಗದು ಕುಣಿಯೊಳಗ ಇಳದು ಕುಂತಳು.

"ಸಾಬ ಸುಳ್ಳಾದ್ರ ನನ್ನ ಇಲ್ಲೇ ಮುಚ್ಚರಿ. ಮೊದಲ ಆಕಿನ್ನ ಹೊಳ್ಳಿ ಒಯ್ರಿ!"

ಒಯ್ದ್ರು. ಮತ್ತ ಅದ ಗಾಣದ ಮನಿ, ಅದ ಬೆಳಕಿಂಡಿ. ಬಾಗಲಾ ಹಾಕಿದ್ರು. ಉಸಿರು ಹಿಡಿದ್ರು. ಈ ಸಲ ಎಲ್ಲಾರ ಕಣ್ಣು ಮುತ್ತಿನ ಮ್ಯಾಲ. ಸಾಬ ಎಣಿಸಿದ. ಮೂರಕ್ಕ ಏನಿಲ್ಲ. ಐದಕ್ಕ ಏನಿಲ್ಲ. ಏಳಕ್ಕ ಮುತ್ತು ನಡುಗಿತು. ಅಯ್ಯಯ್ಯಪ್ಪ! ಅಯ್ನೋರು ಕುಂತಲ್ಲೇ ಉರುಳಿದ್ರಂತ. ಬಾಗಲಾ ಮುರಕೊಂಡು ಓಡಿದವ ಒಬ್ಬ ಮೂರು ದಿನ ಊರಿಗೇ ಬರಲಿಲ್ಲಂತ. ಹಲಗ್ಯಾಗ ನಿಂಬೆವ್ವ ಕಣ್ಣು ಬಿಟ್ಟಿದ್ಲು, ಸಾಬನ್ನ ಹೆಸರು ಹಿಡದು ಕರದಿದ್ಲು ಅಂತ ಕೆಲವರು ಅಂತಾರ. ಅದೆಲ್ಲಾ ಕಟ್ಟಿದ ಮಾತು, ನಂಬಬ್ಯಾಡ್ರಿ. ಸಂಜೀಕ ಆಕಿ ಗಂಜಿ ಕುಡದಳು, ಕೂಸಿಗೆ ಮೊಲಿ ಕೊಟ್ಟಳು. ಇದು ಖರೆ.

ಊರ ಮಂದಿ ಸಾಬನ್ನ ಹೊತ್ತು ಕುಣೀಬೇಕಂತ ಅಂವನ ಮನಿಗೆ ಹೋದ್ರು. ಅಂವ ಬಾಗಲಾ ತೆರೀಲಿಲ್ಲ. ಒಳಗ ಹಳೇ ಹಲಗಿ ಎಲ್ಲಾ ಹರವಿಕೊಂಡು, ಇಷ್ಟು ವರ್ಷ ತಾ ತೆಗೆದ ಹೆಣದ ಫೋಟೋ ಒಂದೊಂದ ಕಿಡಕಿಗೆ ಹಿಡದು ನೋಡಕೋತ ಕುಂತಿದ್ದನಂತ. ಯಾವುದರಾಗರ ಏನರ ಅಲುಗಾಡ್ಯದೇನು ಅಂತ ಹಿಂದ ಅಂವ ಯಾವತ್ತೂ ನೋಡಿದ್ದಿಲ್ಲಲ್ಲ!

ಮೂರನೇ ದಿನ ಹೊರಗ ಬಂದಾಗ ಕೈಯಾಗ ಒಂದು ಹಲಗಿ ಇತ್ತಂತ. ಯಾರದು ಅಂತ ಕೇಳಿದ್ರು. ಆವತ್ತಿಂದ ಡಬ್ಬಿ ಮುಟ್ಟಲಿಲ್ಲ, ಸಾಯೋತನ ಆ ಹೆಸರು ಹೇಳಲಿಲ್ಲ. ಆ ಹಲಗಿ ಎದಿ ಮ್ಯಾಲಿಟ್ಟು ಅಂವನ್ನ ಮಣ್ಣು ಮಾಡಿದ್ರಂತ.

ಗಾಣದ ಮನಿ ಬಿದ್ದು ಹೋಗ್ಯದ. ಆದ್ರ ಇವತ್ತಿಗೂ ನಮ್ಮೂರಾಗ ಯಾರ ಹೋಗಲಿ, ಯಾವ ಕುಲದವರ ಆಗಲಿ, ಎತ್ತೋ ಮೊದಲ ಬಾಗಲಾ ಹಾಕತೀವಿ. ಮೂಗಿನ ಮುಂದ ದಾರದಾಗ ಒಂದು ಮುತ್ತು ಇಳಿಬಿಡತೀವಿ. ಎಲ್ಲಾರೂ ಉಸಿರು ಹಿಡಿತೀವಿ, ಒಬ್ಬರು ಹತ್ತು ಎಣಸ್ತಾರ. ಸಾಬನ ಎಣಿಕಿ ಅಂತಾರ ಅದಕ್ಕ.

ಹ್ವಾದ ವರ್ಷ ನಮ್ಮ ಮನಿಯಾಕಿಗೂ ಎಣಿಸಿದ್ರು. ಹತ್ತಕ್ಕ ಎಲ್ಲಾರೂ ಉಸಿರು ಬಿಟ್ರು. ನಾ ಬಿಡಲಿಲ್ಲ. ಮುತ್ತು ನೋಡಕೋತ ಹಿಡದ ಇದ್ದೆ, ಮಗ ಬಂದು ಬೆನ್ನಿಗೊಂದು ಗುದ್ದೋತನ.